ಮೂರು ದಿನದ ದಸರಾ ರಜೆ: ಹಳೆಯ ಊರುಗಳೋ, ಘಟ್ಟದ ಕಾಡೋ?

ದಸರಾ ರಜೆಯಲ್ಲಿ ದಾವಣಗೆರೆಯಿಂದ ಮೂರು ದಿನಗಳ ಮಟ್ಟಿಗೆ ಉಡುಪಿಗೆ ಬರುತ್ತಿದ್ದೀರಿ, ಜೊತೆಯಲ್ಲಿ ಎಪ್ಪತ್ತರ ಆಸುಪಾಸಿನ ತಾಯಿಯವರೂ ಶಾಲೆಗೆ ಹೋಗುವ ಇಬ್ಬರು ಮಕ್ಕಳೂ ಇದ್ದಾರೆ. ಈ ಮೂರು ದಿನಗಳನ್ನು ಕಾರ್ಕಳ, ಮೂಡುಬಿದಿರೆಯಂಥ ಚಾರಿತ್ರಿಕ ಊರುಗಳಿಗೆ ಕೊಡಬೇಕೋ, ಆಗುಂಬೆ, ಕುದುರೆಮುಖದ ಕಾಡುಗಳಿಗೆ ಕೊಡಬೇಕೋ ಎಂದು ಕೇಳಿದ್ದೀರಿ. ಉಡುಪಿಯಲ್ಲೇ ನೆಲೆಸಿ ಎರಡೂ ಕಡೆ ಓಡಾಡುತ್ತ ಬಂದಿರುವ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಈ ಸಲ ಮೂರೂ ದಿನಗಳನ್ನು ಹಳೆಯ ಊರುಗಳಿಗೆ ಕೊಡಿ, ಕಾಡನ್ನು ಇನ್ನೊಂದು ಸಲಕ್ಕೆ ಇಟ್ಟುಕೊಳ್ಳಿ. ಕಾಡು ನನಗೆ ಕಡಿಮೆ ಪ್ರಿಯವೆಂದು ಹೀಗೆ ಹೇಳುತ್ತಿಲ್ಲ, ಅದನ್ನು ಅವಸರದಲ್ಲಿ ನೋಡಿ ಹಿಂದಿರುಗುವವರಿಗೆ ಅದರಿಂದ ಏನೂ ಸಿಗುವುದಿಲ್ಲವೆಂಬುದನ್ನು ಬಲ್ಲೆನಾದ್ದರಿಂದ ಹೇಳುತ್ತಿದ್ದೇನೆ.

ಒಂದೂವರೆ ದಿನ ಅಲ್ಲಿ, ಒಂದೂವರೆ ದಿನ ಇಲ್ಲಿ ಎಂದು ಹಂಚಿಕೊಂಡರಾಗದೇ ಎಂಬ ಯೋಚನೆ ನಿಮಗೂ ಬಂದಿರಬಹುದು. ನಕಾಶೆಯಲ್ಲಿ ಅದು ಸುಲಭವಾಗಿಯೇ ಕಾಣುತ್ತದೆ, ಏಕೆಂದರೆ ಉಡುಪಿಯಿಂದ ಕಾರ್ಕಳಕ್ಕೆ ಸುಮಾರು 38 ಕಿಲೋಮೀಟರ್, ಆಗುಂಬೆಗೆ ಸುಮಾರು 55 ಕಿಲೋಮೀಟರ್. ಆದರೆ ಹಳೆಯ ಊರು ಅರ್ಧ ದಿನದಲ್ಲೂ ತನ್ನನ್ನು ತೋರಿಸಿಕೊಳ್ಳುತ್ತದೆ, ಕಾಡು ಹಾಗಲ್ಲ. ಒಂದೇ ಜಾಗದಲ್ಲಿ ಕನಿಷ್ಠ ಎರಡು ರಾತ್ರಿ ಉಳಿದು, ಬೆಳಕು ಹರಿಯುವ ಮೊದಲೇ ಎದ್ದು, ಮಾತಿಲ್ಲದೆ ನಡೆಯಲು ಸಿದ್ಧರಿರುವವರಿಗೆ ಮಾತ್ರ ಘಟ್ಟದ ಕಾಡು ಸ್ವಲ್ಪ ಸ್ವಲ್ಪವಾಗಿ ತೆರೆದುಕೊಳ್ಳುತ್ತದೆ. ಉಳಿದವರಿಗೆ ಅದು ಕಾರಿನ ಕಿಟಕಿಯಾಚೆಗಿನ ಹಸಿರು ಗೋಡೆ, ಅಷ್ಟೆ.

ಕುದುರೆಮುಖವನ್ನೇ ತೆಗೆದುಕೊಳ್ಳಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡಿನಲ್ಲಿ ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಕುಳ್ಳು ಮರಗಳ ಶೋಲಾ ಅಡವಿಯೂ ಹುಲ್ಲುಗಾವಲೂ ಒಂದರೊಳಗೊಂದು ಹೆಣೆದುಕೊಂಡಿವೆ; ಸಿಂಗಳೀಕಗಳಿಗೆ ಇದು ಮುಖ್ಯ ನೆಲೆ; ತುಂಗೆ, ಭದ್ರೆ, ನೇತ್ರಾವತಿ ಇದೇ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ. ಇಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತುಹೋಯಿತು. ಅಂದಿನಿಂದ ಕಾಡು ಮೆಲ್ಲನೆ ತನ್ನ ಜಾಗವನ್ನು ಮರಳಿ ಪಡೆಯುತ್ತಿದೆ. ಇಂಥ ಕಡೆ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿ ಇಳಿದು ಬುತ್ತಿ ಬಿಚ್ಚಲು ಅವಕಾಶವಿಲ್ಲ, ಇರಲೂಬಾರದು. ಶಿಖರದ ಚಾರಣಕ್ಕೆ ಅರಣ್ಯ ಇಲಾಖೆಯಲ್ಲಿ ಆನ್‌ಲೈನ್ ಮೂಲಕ ಮೊದಲೇ ಹೆಸರು ನೋಂದಾಯಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ರಜೆಯ ದಿನಗಳಲ್ಲಿ ಜಾಗ ಸಿಗುವುದು ಕಷ್ಟ. ಸಿಕ್ಕರೂ, ಹೋಗಿ ಬರಲು ಹದಿನೆಂಟು ಇಪ್ಪತ್ತು ಕಿಲೋಮೀಟರ್ ನಡೆಯಬೇಕಾದ ಆ ದಾರಿ ನಿಮ್ಮ ತಾಯಿಯವರದ್ದೂ ಅಲ್ಲ, ಮಕ್ಕಳದ್ದೂ ಅಲ್ಲ.

ಆಗುಂಬೆ ಇಷ್ಟು ಕಠಿಣವಲ್ಲ. ಹೆಬ್ರಿ, ಸೋಮೇಶ್ವರ ದಾಟಿ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಏರಿದರೆ ಊರು ಬಂದೇ ಬಿಡುತ್ತದೆ. ಆದರೆ ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಸಾಮಾನ್ಯ. ನೆಲ ಒಣಗಿರುವುದಿಲ್ಲವಾದ್ದರಿಂದ ಕಾಲುದಾರಿಯುದ್ದಕ್ಕೂ ಇಂಬಳದ (ರಕ್ತ ಹೀರುವ ಜಿಗಣೆಯ) ಕಾಟ ಇನ್ನೂ ಇರುತ್ತದೆ. ಎಲ್ಲರೂ ಬಯಸಿ ಬರುವ ಸೂರ್ಯಾಸ್ತ ಆ ತಿಂಗಳಲ್ಲಿ ಮೋಡದ ಹಿಂದೆಯೇ ಮುಗಿದುಹೋಗುವುದು ಹೆಚ್ಚು. ಕಾಳಿಂಗ ಸರ್ಪದ ಅಧ್ಯಯನಕ್ಕೆ ಹೆಸರಾದ ಮಳೆಕಾಡು ಸಂಶೋಧನಾ ಕೇಂದ್ರ ಇಲ್ಲಿ 2005ರಲ್ಲಿ ಆರಂಭವಾಯಿತೆಂದು ಓದಿ, ಬಂದ ಕೂಡಲೇ ಹಾವು ಕಾಣಬಹುದೆಂದು ಮಕ್ಕಳು ಆಸೆಪಟ್ಟರೆ ಅವರಿಗೆ ನಿರಾಸೆಯೇ ಆಗುತ್ತದೆ.

ಇನ್ನು ಹಳೆಯ ಊರುಗಳ ವಿಷಯಕ್ಕೆ ಬರುತ್ತೇನೆ, ನನಗೆ ಹೇಳಬೇಕಾಗಿರುವುದು ಹೆಚ್ಚಾಗಿ ಇರುವುದೂ ಅಲ್ಲಿಯೇ. ಕರಾವಳಿಯ ಹಳೆಯ ಊರುಗಳನ್ನು ಆರಿಸಿಕೊಂಡವರು ಕಾಡಿಗೆ ಬೆನ್ನು ತಿರುಗಿಸಿದಂತಾಗುವುದಿಲ್ಲ, ಏಕೆಂದರೆ ಈ ಊರುಗಳು ಎದ್ದು ನಿಂತದ್ದೇ ಘಟ್ಟದ ಸಂಪತ್ತಿನಿಂದ. ಕಾರ್ಕಳವನ್ನು ಆಳಿದ ಭೈರರಸರ ಮೂಲ ಘಟ್ಟದ ಮೇಲಿನ ಹೊಂಬುಜದಲ್ಲಿದೆ. ಅಲ್ಲಿಂದ ಕಳಸಕ್ಕೆ, ಕಳಸದಿಂದ ಕೆಳಗಿಳಿದು ಕಾರ್ಕಳಕ್ಕೆ ಬಂದ ಮನೆತನ ಅದು. ಆದ್ದರಿಂದಲೇ ಚರಿತ್ರೆಯಲ್ಲಿ ಅದನ್ನು ಕಳಸ-ಕಾರ್ಕಳ ರಾಜ್ಯವೆಂದು ಕರೆಯುತ್ತಾರೆ. ಆ ಎರಡು ರಾಜಧಾನಿಗಳ ನಡುವೆ ಇರುವುದು, ನೀವು ನೋಡಬೇಕೆಂದಿರುವ ಇದೇ ಕುದುರೆಮುಖದ ಬೆಟ್ಟಸಾಲು. ಘಟ್ಟದ ಕಾಳುಮೆಣಸು ಎತ್ತಿನ ಬೆನ್ನೇರಿ ಇಳಿದು, ಬಸ್ರೂರು, ಬಾರ್ಕೂರು, ಮಂಗಳೂರಿನಂಥ ಬಂದರುಗಳಿಂದ ಕಡಲು ದಾಟಿತು. ಆ ವ್ಯಾಪಾರದಲ್ಲಿ ಬೆಳೆದ ಅರಸರೂ ಸೆಟ್ಟರೂ ಬಸದಿಗಳನ್ನು ಕಟ್ಟಿಸಿದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದದ್ದಕ್ಕೂ ಇದೇ ಹಿನ್ನೆಲೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಕಲ್ಲಿನ ಕಂಬಗಳೂ ಬೇರೆಯೇ ಆಗಿ ಕಾಣುತ್ತವೆ.

ಮೊದಲ ದಿನ ಮೂಡುಬಿದಿರೆಗೆ ಹೋಗಿ, ಇಡೀ ದಿನವನ್ನು ಅದಕ್ಕೇ ಇಡಿ. ಹೆಚ್ಚಿನವರು ಸಾವಿರ ಕಂಬದ ಬಸದಿಯಲ್ಲಿ ಮುಕ್ಕಾಲು ಗಂಟೆ ಕಳೆದು ಮುಂದಿನ ಊರಿಗೆ ಹೊರಟುಬಿಡುತ್ತಾರೆ. ಅದು ನನಗೆ ನಿಜಕ್ಕೂ ನೋವಿನ ಸಂಗತಿ. 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ ನಿರ್ಮಾಣವಾದ ಈ ಬಸದಿಗೆ ತ್ರಿಭುವನ ತಿಲಕ ಚೂಡಾಮಣಿ ಎಂಬ ಹೆಸರಿದೆ. ಒಳಗೆ ಹೋಗುವ ಮೊದಲು ಅಂಗಳದಲ್ಲಿ ನಿಂತು ಮಾಡನ್ನು ನೋಡಿ. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳಲ್ಲಿ ಮರ, ಒಂದರ ಮೇಲೊಂದು ಇಳಿಜಾರಾಗಿ ಬಾಗಿದ ಛಾವಣಿ. ವರ್ಷಕ್ಕೆ ನಾಲ್ಕು ತಿಂಗಳು ಎಡೆಬಿಡದೆ ಸುರಿಯುವ ಮಳೆಯನ್ನು ತಾಳಿಕೊಳ್ಳಲು ಈ ನೆಲದ ಬಡಗಿಗಳೂ ಕಲ್ಲುಕುಟಿಗರೂ ಕಂಡುಕೊಂಡ ಉಪಾಯವದು. ಬಯಲುಸೀಮೆಯ ಗುಡಿಗಳನ್ನು ನೋಡಿ ಬೆಳೆದ ನಿಮಗೆ ಈ ವ್ಯತ್ಯಾಸ ತಕ್ಷಣವೇ ಗೊತ್ತಾಗುತ್ತದೆ. ಒಳಗಿನ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎಂಬ ಮಾತಿದೆ; ಅದನ್ನು ಪರೀಕ್ಷಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿಬಿಡಿ. ಭೈರಾದೇವಿ ಮಂಟಪದ ಕೆಳಭಾಗದ ಕೆತ್ತನೆಗಳಲ್ಲಿ ಜಿರಾಫೆಯೂ ಚೀನಾದ ಡ್ರ್ಯಾಗನ್ನೂ ಇವೆ. ಈ ಊರಿನ ಸಂಬಂಧಗಳು ಕಡಲಾಚೆ ಎಷ್ಟು ದೂರ ಹಬ್ಬಿದ್ದವು ಎಂಬುದಕ್ಕೆ ಅದಕ್ಕಿಂತ ಬೇರೆ ಪಾಠ ಬೇಕಿಲ್ಲ.

ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳಿವೆ. ಎಲ್ಲವನ್ನೂ ನೋಡಬೇಕಾಗಿಲ್ಲ, ಆದರೆ ಗುರು ಬಸದಿಯನ್ನು ಬಿಡಬೇಡಿ. ಧವಲಾ, ಜಯಧವಲಾ ಮುಂತಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳನ್ನು, ಬೇರೆಲ್ಲಿಯೂ ಉಳಿಯದಿದ್ದ ಕಾಲದಲ್ಲಿ, ಶತಮಾನಗಳವರೆಗೆ ಕಾಪಾಡಿಕೊಂಡು ಬಂದ ಊರು ಇದು. ಗೆದ್ದಲು, ತೇವ, ಬೂಷ್ಟು ಇಲ್ಲದ ಮನೆಯೇ ಇಲ್ಲದ ಈ ಸೀಮೆಯಲ್ಲಿ ತಾಳೆಗರಿಯನ್ನು ಉಳಿಸುವುದೆಂದರೆ ಎಂಥ ನಿಷ್ಠೆಯ ಕೆಲಸವೆಂದು ಇಲ್ಲಿನ ಮಳೆಗಾಲ ಕಳೆದವರಿಗೆ ಗೊತ್ತು. ನಂತರ ಈ ಸೀಮೆಯನ್ನು ಆಳಿದ ಚೌಟರ ಅರಮನೆಗೆ ಹೋಗಿ. ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು. ಅರಮನೆ ಎಂದಾಗ ಮೈಸೂರಿನದ್ದನ್ನು ಕಲ್ಪಿಸಿಕೊಳ್ಳಬೇಡಿ. ಇದು ಹಳೆಯ ತೊಟ್ಟಿ ಮನೆಯಂಥ ಕಟ್ಟಡ. ಅದರ ಮರದ ಕಂಬಗಳಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾದ ನವನಾರಿ ಕುಂಜರವೂ ಐವರು ಸೇರಿ ಕುದುರೆಯಾದ ಪಂಚನಾರಿ ತುರಗವೂ ಇವೆ. ಮನೆತನದವರ ವಾಸದ ಜಾಗವಾದ್ದರಿಂದ ಮೊದಲು ಕೇಳಿ, ಒಪ್ಪಿದರೆ ಮಾತ್ರ ಒಳಗೆ ಹೋಗಿ.

ಎರಡನೆಯ ದಿನ ಕಾರ್ಕಳ. ಬೆಳಿಗ್ಗೆ ಬೇಗ ಹೊರಡಿ, ಏಕೆಂದರೆ ಗೊಮ್ಮಟ ಬೆಟ್ಟದ ಬಂಡೆ ಬಿಸಿಲೇರಿದ ಮೇಲೆ ಬರಿಗಾಲಿಗೆ ಸುಡುತ್ತದೆ. ವೀರಪಾಂಡ್ಯ ಭೈರರಸನು 1432ರಲ್ಲಿ ಪ್ರತಿಷ್ಠಾಪಿಸಿದ ಬಾಹುಬಲಿಯ ಎತ್ತರ 42 ಅಡಿ. ತಾಯಿಯವರಿಗೆ ಮೆಟ್ಟಿಲು ಕಷ್ಟವೆನಿಸಿದರೆ ಎದುರಿನ ಚತುರ್ಮುಖ ಬಸದಿಗೆ ಕರೆದೊಯ್ಯಿರಿ. ಅದೂ ಬಂಡೆಯ ಮೇಲೆಯೇ ಇದೆ, ಆದರೆ ಏರಬೇಕಾದ್ದು ಅಷ್ಟಿಲ್ಲ. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಈ ಬಸದಿಗೆ ನಾಲ್ಕು ದಿಕ್ಕಿನಲ್ಲೂ ಒಂದೇ ರೀತಿಯ ಬಾಗಿಲು, 108 ಕಂಬಗಳು, ಬುಡದಿಂದ ಮಾಡಿನವರೆಗೆ ಎಲ್ಲವೂ ಕಲ್ಲು. ಜಗಲಿಯಲ್ಲಿ ಕುಳಿತರೆ ಒಂದು ದಿಕ್ಕಿಗೆ ಗೊಮ್ಮಟ ಕಾಣುತ್ತಾನೆ, ಇನ್ನೊಂದು ದಿಕ್ಕಿಗೆ ಘಟ್ಟದ ಸಾಲು ನೀಲಿಯಾಗಿ ಹರಡಿರುತ್ತದೆ. ಮೊಣಕಾಲು ನೋವಿರುವ ಹಿರಿಯರನ್ನು ಕರೆತರುವವರಿಗೆ ನಾನು ಯಾವಾಗಲೂ ಹೇಳುವ ಜಾಗವಿದು, ಏಕೆಂದರೆ ಇಲ್ಲಿ ಸುಮ್ಮನೆ ಕುಳಿತಿರುವುದೇ ಪೂರ್ಣವಾದ ನೋಟ.

ಮಧ್ಯಾಹ್ನದ ಮೇಲೆ ಹೆಬ್ರಿಯ ದಾರಿಯಲ್ಲಿರುವ ವರಂಗಕ್ಕೆ ಹೋಗಿ ಬನ್ನಿ. ಅಲ್ಲಿನ ಕೆರೆ ಬಸದಿ ನೀರಿನ ನಡುವೆ ಇದೆ. ಚಿಕ್ಕ ದೋಣಿಯಲ್ಲಿ ಹೋಗಬೇಕು. ಸುತ್ತ ಗದ್ದೆ, ಹಿಂದೆ ಬೆಟ್ಟ. ಮಳೆಗಾಲ ಆಗಷ್ಟೇ ಮುಗಿದಿರುವುದರಿಂದ ಅಕ್ಟೋಬರಿನಲ್ಲಿ ಕೆರೆ ತುಂಬಿಯೇ ಇರುತ್ತದೆ. ಮಕ್ಕಳಿಗೆ ಇಡೀ ಪ್ರವಾಸದಲ್ಲಿ ಹೆಚ್ಚು ನೆನಪಿನಲ್ಲಿ ಉಳಿಯುವುದು ಇದೇ ಇರಬಹುದು.

ಮೂರನೆಯ ದಿನವನ್ನು ಉಡುಪಿಗೆ ಇಟ್ಟುಕೊಳ್ಳಿ. ರಥಬೀದಿ, ಎಂಟು ಮಠಗಳು, ಕೃಷ್ಣಮಠಕ್ಕಿಂತ ಹಳೆಯದಾದ ಅನಂತೇಶ್ವರ, ಕನಕನ ಕಿಂಡಿ, ಇವೆಲ್ಲ ನಡೆದೇ ನೋಡುವಷ್ಟು ಹತ್ತಿರದಲ್ಲಿವೆ. ಸಮಯ ಉಳಿದರೆ ಬಾರ್ಕೂರಿಗೆ ಹೋಗಬಹುದು. ಕರಾವಳಿಯನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿದ್ದ, ವಿಜಯನಗರದ ಕಾಲದಲ್ಲಿ ಪ್ರಾಂತ್ಯವೊಂದರ ಕೇಂದ್ರವಾಗಿದ್ದ ಆ ಊರಿನಲ್ಲಿ ಇಂದು ಕತ್ತಲೆ ಬಸದಿಯ ಕಲ್ಲುಗಳೂ ಅಲ್ಲಲ್ಲಿ ಗುಡಿಗಳೂ ತೆಂಗಿನ ತೋಟಗಳ ನಡುವೆ ಉಳಿದಿವೆ. ನೀವು ಬರುವುದು ನವರಾತ್ರಿಯ ಕೊನೆಯ ದಿನಗಳಲ್ಲಾದರೆ, ಸಂಜೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದ ದಸರಾ ನೋಡುವ ಆಸೆ ಆಗಬಹುದು. ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ ಆ ಕ್ಷೇತ್ರದ ಶಾರದೆ ಮತ್ತು ನವದುರ್ಗೆಯರ ಅಲಂಕಾರ ನಿಜಕ್ಕೂ ನೋಡತಕ್ಕದ್ದು. ಆದರೆ ಶೋಭಾಯಾತ್ರೆಯ ರಾತ್ರಿಯ ಜನಸಂದಣಿಗೆ ಹಿರಿಯರನ್ನು ಕರೆದೊಯ್ಯಬೇಡಿ, ಒಂದೆರಡು ದಿನ ಮೊದಲೇ ಹೋಗಿ.

ಓಡಾಟಕ್ಕೆ ಉಡುಪಿ, ಕಾರ್ಕಳ, ಮೂಡುಬಿದಿರೆ ನಡುವೆ ಖಾಸಗಿ ಬಸ್ಸುಗಳು ದಿನವಿಡೀ ಸಿಗುತ್ತವೆ, ಆದರೂ ತಾಯಿಯವರಿಗಾಗಿ ಬಾಡಿಗೆ ಕಾರು ಮಾಡಿಕೊಳ್ಳುವುದು ಒಳ್ಳೆಯದು. ಬಸದಿಗಳು ಪೂಜೆ ನಡೆಯುವ ಸ್ಥಳಗಳು. ಬಾಗಿಲು ತೆರೆಯುವ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಚರ್ಮದ ವಸ್ತುಗಳನ್ನು ಕಾರಿನಲ್ಲೇ ಬಿಡಿ, ಗರ್ಭಗುಡಿಯ ಫೋಟೋ ತೆಗೆಯುವ ಮೊದಲು ಕೇಳಿ.

ನೀವು ಇಬ್ಬರೇ ಆಗಿದ್ದರೆ, ಅಥವಾ ನಡೆಯಬಲ್ಲ ಗೆಳೆಯರೊಡನೆ ನವೆಂಬರ್ ಕೊನೆಯಲ್ಲೋ ಡಿಸೆಂಬರಿನಲ್ಲೋ ಬರುವವರಾಗಿದ್ದರೆ ನನ್ನ ಉತ್ತರ ತಿರುಗಿಬಿಡುತ್ತಿತ್ತು: ಬಸದಿಗಳನ್ನು ಬಿಟ್ಟು ನೇರವಾಗಿ ಘಟ್ಟ ಹತ್ತಿ ಎನ್ನುತ್ತಿದ್ದೆ. ಆಗ ಇಂಬಳದ ಕಾಟ ಕಡಿಮೆಯಾಗಿರುತ್ತದೆ, ಹೊಳೆಗಳಲ್ಲಿ ನೀರು ಇನ್ನೂ ಇರುತ್ತದೆ, ಆಕಾಶ ತಿಳಿಯಾಗಿರುವ ಸಂಜೆಗಳಲ್ಲಿ ಆಗುಂಬೆಯಿಂದ ಕಡಲಿನವರೆಗೆ ಕಣ್ಣು ಹಾಯುತ್ತದೆ. ಮಕ್ಕಳು ಇನ್ನೂ ಮೂರು ನಾಲ್ಕು ವರ್ಷ ದೊಡ್ಡವರಾದ ಮೇಲೆ ಹಾಗೆ ಬನ್ನಿ. ಚಾರಣದ ಪರವಾನಗಿಯನ್ನು ಸಾಕಷ್ಟು ಮೊದಲೇ ಮಾಡಿಸಿ, ಒಂದೇ ಹೋಮ್‌ಸ್ಟೇಯಲ್ಲಿ ಎರಡು ಮೂರು ರಾತ್ರಿ ಉಳಿಯಿರಿ, ಊರಿನ ದಾರಿ ಬಲ್ಲವರನ್ನು ಜೊತೆಗೆ ಕರೆದುಕೊಳ್ಳಿ. ಫೆಬ್ರವರಿಯ ನಂತರಕ್ಕೆ ಮಾತ್ರ ಯೋಜನೆ ಹಾಕಬೇಡಿ. ಹುಲ್ಲು ಒಣಗಿದ ಮೇಲೆ ಕಾಡ್ಗಿಚ್ಚಿನ ಭಯದಿಂದ ಇಲಾಖೆಯವರು ಚಾರಣದ ದಾರಿಗಳನ್ನು ಮುಚ್ಚುವುದುಂಟು.