ಹನ್ನೆರಡು ಪುಟ ಬರೆದೆ, ಜನ ತೂಕಡಿಸಿದ್ರು

ಈ ಸಲ ಓದುಗರ ಪತ್ರಗಳಲ್ಲಿ ಮೂರು ಪತ್ರ ಚರ್ಚಿನ ಪ್ರಸಂಗದ ಬಗ್ಗೇನೇ, ಅಂದ್ರೆ ಭಾನುವಾರ ಆರಾಧನೆಯಲ್ಲಿ ಮಾಡೋ ಉಪದೇಶದ ಬಗ್ಗೇನೇ ಬಂದಿದ್ವು. ಮೊದಲನೇದಕ್ಕೆ ಉತ್ತರ ಸ್ವಲ್ಪ ಉದ್ದ ಆಯ್ತು, ಪ್ರಸಂಗ ಚಿಕ್ಕದಾಗಿರಲಿ ಅಂತ ಹೇಳೋನೇ ಹೀಗೆ ಮಾಡಿದ್ರೆ ಹೇಗೆ ಅಂತ ನಗಬೇಡಿ.

ಪ್ರಶ್ನೆ: ಸರ್, ನಾನು ಸಿದ್ದಾಪುರ ಕಡೆ ಒಂದು ಸಣ್ಣ ಸಭೆಯ ಹಿರಿಯ. ಅಯ್ಯನವರು (ಪಾಸ್ಟರ್) ತಿಂಗಳಿಗೆ ಒಂದು ಭಾನುವಾರ ಬರ್ತಾರೆ, ಉಳಿದ ದಿನ ಪ್ರಸಂಗ ನನ್ನ ತಲೆ ಮೇಲೆ. ಯೂಟ್ಯೂಬ್ ನೋಡಿ ನೋಡಿ ಹನ್ನೆರಡು ಪುಟ ಬರ್ಕೊಂಡು ಯೇಸು ಹೇಳಿದ ಬಿತ್ತುವವನ ಸಾಮ್ಯದ (ದೃಷ್ಟಾಂತ ಕಥೆಯ) ಮೇಲೆ ಮುಕ್ಕಾಲು ಗಂಟೆ ಮಾತಾಡಿದೆ. ಅರ್ಧ ಜನ ತೂಕಡಿಸ್ತಿದ್ರು. ಮನೆಗೆ ಬಂದ ಮೇಲೆ ಹೆಂಡತಿ, ನೀವು ಹೇಳಿದ್ದು ಏನೂಂತ ಗೊತ್ತಾಗ್ಲಿಲ್ಲ ಅಂದ್ಳು. ಎಲ್ಲಿ ತಪ್ಪಿದೆ?

ಉತ್ತರ: ಮೊದಲು ಆ ತೂಕಡಿಸಿದವರ ಮೇಲಿನ ಸಿಟ್ಟು ಬಿಡಿ. ವಾರಪೂರ್ತಿ ಕಾಫಿ ಕುಯ್ದು, ಚೀಲ ಹೊತ್ತು ಬಂದವರು ಫ್ಯಾನ್ ಕೆಳಗೆ ಕೂತ್ರೆ ಕಣ್ಣು ಮುಚ್ಚೇ ಮುಚ್ತದೆ. ಬೈಬಲಿನ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯದಲ್ಲಿ ಪೌಲ ಮಧ್ಯರಾತ್ರಿವರೆಗೆ ಮಾತಾಡ್ತಾನೆ, ಕಿಟಕಿಯಲ್ಲಿ ಕೂತಿದ್ದ ಯೂತಿಕ ಅನ್ನೋ ಹುಡುಗ ನಿದ್ದೆಗೆ ಜಾರಿ ಮೂರನೇ ಅಂತಸ್ತಿಂದ ಬೀಳ್ತಾನೆ. ಆ ಮಾಳಿಗೆಯಲ್ಲಿ ತುಂಬಾ ದೀಪ ಇದ್ವು ಅನ್ನೋದನ್ನೂ ಆ ಪುಸ್ತಕ ಬರೆದ ಲೂಕ ಹೇಳಿದ್ದಾನೆ ನೋಡಿ. ಪೌಲ ಇಳಿದು ಹೋಗಿ ಅವನನ್ನ ತಬ್ಕೊಂಡ, ಬೈದ ಅಂತ ಎಲ್ಲೂ ಇಲ್ಲ.

ನಿಮ್ಮ ಹೆಂಡತಿ ಹೇಳಿದ ಮಾತೇ ನಿಮಗೆ ಸಿಕ್ಕ ಒಳ್ಳೇ ಪಾಠ. ಅವರಿಗೆ ಗೊತ್ತಾಗ್ಲಿಲ್ಲ ಅಂದ್ರೆ ಹೇಳೋದೇನು ಅಂತ ನಿಮಗೂ ಗೊತ್ತಿರ್ಲಿಲ್ಲ ಅಂತಲೇ ಅರ್ಥ, ಬೇಜಾರು ಮಾಡ್ಕೋಬೇಡಿ, ನಾನೂ ಹತ್ತು ವರ್ಷ ಹಾಗೇ ಕಳೆದವನು. ಶನಿವಾರ ರಾತ್ರಿ ವಿಡಿಯೋ ಹಾಕ್ಕೊಂಡು ಕೂರೋದು ಬಿಡಿ. ಸೋಮವಾರವೇ ಆ ಸಾಮ್ಯ ಇರೋ ಮಾರ್ಕ 4ನೇ ಅಧ್ಯಾಯ ತೆಗೀರಿ, ಜೋರಾಗಿ ಓದಿ, ದಿನಾ ಓದಿ, ಹಿಂದಿನ ಅಧ್ಯಾಯವನ್ನೂ ಸೇರಿಸಿ ಓದಿ. 3ನೇ ಅಧ್ಯಾಯದಲ್ಲಿ ಮನೆಯವರೇ ಯೇಸುವಿಗೆ ಹುಚ್ಚು ಹಿಡಿದಿದೆ ಅಂತ ಕರ್ಕೊಂಡು ಹೋಗೋಕೆ ಬರ್ತಾರೆ, ಯೆರೂಸಲೇಮಿನ ಶಾಸ್ತ್ರಿಗಳು ದೆವ್ವ ಹಿಡಿದಿದೆ ಅಂತಾರೆ. ಅದಾದ ಮೇಲೆ ಈ ಸಾಮ್ಯ ಬರೋದು: ದಾರಿ ಮೇಲೆ ಬಿದ್ದ ಬೀಜ ಹಕ್ಕಿ ಪಾಲು, ಬಂಡೆ ನೆಲದ್ದು ಬೇರಿಲ್ಲದೆ ಒಣಗ್ತದೆ, ಮುಳ್ಳಿನ ನಡುವಿನದ್ದು ಅಡಗಿಹೋಗ್ತದೆ, ಒಳ್ಳೇ ನೆಲದ್ದು ಮಾತ್ರ ಫಲ ಕೊಡ್ತದೆ; ಬೀಜ ಅಂದ್ರೆ ದೇವರ ವಾಕ್ಯ, ನೆಲ ಅಂದ್ರೆ ಕೇಳುವವರು. ಕೇಳಿದವರೆಲ್ಲ ಯಾಕೆ ಒಪ್ಪಲಿಲ್ಲ ಅನ್ನೋ ಪ್ರಶ್ನೆ ಅಲ್ಲೇ ಎದ್ದು ನಿಂತಿದೆ. ಗುರುವಾರದೊಳಗೆ ಒಂದೇ ವಾಕ್ಯದಲ್ಲಿ ಬರೀರಿ, ಈ ಭಾನುವಾರ ನಾನು ಹೇಳೋದು ಇದು ಅಂತ. ಆ ವಾಕ್ಯಕ್ಕೆ ಬೇಡದ್ದು ಎಷ್ಟೇ ಚೆಂದ ಇದ್ರೂ ತೆಗೆದುಹಾಕಿ. ಹನ್ನೆರಡು ಪುಟದಲ್ಲಿ ಎರಡು ಉಳಿಬಹುದು. ಇಪ್ಪತ್ತು ನಿಮಿಷ ಸಾಕು.

ಆಮೇಲೆ ನಿಮ್ಮ ಜನ ಎಲ್ಲಿ ತಡವರಿಸ್ತಾರೆ ಅಂತ ಯೋಚಿಸಿ. ನಮ್ಮಲ್ಲಿ ಗದ್ದೆ ಅಂದ್ರೆ ಸಸಿಮಡಿ, ನಾಟಿ. ದಾರಿ ಮೇಲೆ ಬೀಜ ಚೆಲ್ಲೋನು ಎಂಥ ರೈತ ಅಂತ ಒಬ್ಬ ಅಜ್ಜ ನನ್ನನ್ನ ನೇರವಾಗೇ ಕೇಳಿದ್ರು. ಸರಿಯಾದ ಪ್ರಶ್ನೆ ಅದು. ಆ ಕಾಲದ ಗಲಿಲಾಯದಲ್ಲಿ ಕಾಳನ್ನ ಕೈಯಿಂದ ಬೀಸಿ ಚೆಲ್ತಿದ್ರು, ಹೊಲದ ನಡುವೆ ಕಾಲುದಾರಿ ಇರ್ತಿತ್ತು. ಬಂಡೆಯ ನೆಲ ಅಂದ್ರೆ ಬರೀ ಕಲ್ಲಲ್ಲ, ಬಂಡೆ ಮೇಲೆ ತೆಳ್ಳಗೆ ಮಣ್ಣು, ಅದಕ್ಕೇ ಬೇಗ ಮೊಳೆತು ಬಿಸಿಲಿಗೆ ಒಣಗೋದು. ಇಷ್ಟು ಹೇಳಿದ್ರೆ ಸಾಕು, ಪಾಲೆಸ್ತೀನದ ಭೂಗೋಳ ಪೂರ್ತಿ ಬೇಡ. ಇನ್ನು ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ, ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬಿದ್ದು ರೋಬಸ್ಟಾ ತೋಟ ಬೆಳ್ಳಗೆ ಅರಳ್ತದೆ, ಘಮ ರಸ್ತೆವರೆಗೂ ಬರ್ತದೆ, ಆಮೇಲೆ ಕಾಯಿ ಕಚ್ಚೋಕೆ ಬೇಕಾದ ಎರಡನೇ ಮಳೆ, ಅಂದ್ರೆ ಬ್ಯಾಕಿಂಗ್ ಶವರ್, ಬರ್ಲಿಲ್ಲ, ಸ್ಪ್ರಿಂಕ್ಲರ್ ಹಾಕೋಕೆ ಕೆರೆಯಲ್ಲಿ ನೀರೂ ಇಲ್ಲ ಅಂದ್ರೆ ಕಾಯಿ ಸರಿಯಾಗಿ ಕಚ್ಚಲ್ಲ. ಸಂತೋಷದಿಂದ ಕೇಳಿ ಬೇರಿಲ್ಲದೆ ಹೋಗೋದು ಅಂದ್ರೇನು ಅಂತ ನಿಮ್ಮ ಸಭೆಗೆ ಇದಕ್ಕಿಂತ ಬೇರೆ ಹೇಳ್ಬೇಕಾ? ಆದ್ರೆ ಆ ಹೋಲಿಕೆ ಬಂಡೆ ನೆಲಕ್ಕೆ ಮಾತ್ರ, ಹಕ್ಕಿಗೂ ಮುಳ್ಳಿಗೂ ಕಾಫಿ ತಂದು ಎಳೆದಾಡಬೇಡಿ.

ಒಂದು ಎಚ್ಚರಿಕೆ, ಇದು ನನ್ನ ಸ್ವಂತ ತಪ್ಪಿಂದ ಕಲಿತದ್ದು. ಒಂದ್ಸಲ ಕುಡಿತದ ಬಗ್ಗೆ ಹೇಳುವಾಗ, ಹೆಸರು ಹೇಳ್ದೆ, ಒಬ್ಬರ ಮನೆ ಕಥೆ ಹೇಳಿಬಿಟ್ಟೆ. ಮೂವತ್ತು ಮನೆಯ ಸಭೆಯಲ್ಲಿ ಹೆಸರು ಯಾಕೆ ಬೇಕು, ಎಲ್ಲರ ತಲೆಯೂ ಹಿಂದಿನ ಬೆಂಚಿನ ಕಡೆ ತಿರುಗಿತು. ಆ ಮನುಷ್ಯ ಮೂರು ತಿಂಗಳು ಬರ್ಲಿಲ್ಲ, ಅವರ ಮನೆ ಬಾಗಿಲಿಗೆ ಹೋಗಿ ನಿಲ್ಲೋಕೆ ನನಗೂ ಅಷ್ಟೇ ದಿನ ಬೇಕಾಯ್ತು. ತೋಟದ ಕೆಲಸಗಾರರ ಸಾಲುಮನೆ, ಈ ಲೈನ್ ಮನೆಗಳಲ್ಲಿ ಗೋಡೆಗೂ ಕಿವಿ ಉಂಟು, ಪ್ರಾರ್ಥನೆಗೆ ಅಂತ ನಿಮ್ಮ ಹತ್ರ ಹೇಳ್ಕೊಂಡದ್ದು ಪ್ರಸಂಗಕ್ಕೆ ಬರಬಾರದು. ಉದಾಹರಣೆ ಬೇಕೇ ಬೇಕು ಅಂದ್ರೆ ನಿಮ್ಮ ಸೋಲನ್ನೇ ಹೇಳಿ.

ಕಾಗದ ನೋಡಿ ಓದಬಹುದಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಒಂದು ಚೀಟಿ ಇರ್ಲಿ, ಆರಂಭದ ಮಾತು ಮತ್ತೆ ಕೊನೆಯ ಮಾತು ಪೂರ್ತಿ ಬರೆದಿರಿ, ನಡುವಿನದ್ದು ಗುರುತು ಮಾತ್ರ. ಕೊನೆ ಗೊತ್ತಿಲ್ಲದವರೇ, ಕಡೇದಾಗಿ ಒಂದು ಮಾತು ಅಂತ ನಾಲ್ಕು ಸಲ ಹೇಳೋದು. ಮತ್ತೆ ನಿಮ್ಮ ಸಭೆಯಲ್ಲಿ ತಮಿಳು, ಮಲಯಾಳಂ ಮನೆಮಾತಿನವರೂ ಇದ್ದಾರೆ ಅಂದಿದ್ದೀರಿ, ಹಾಗಿದ್ರೆ ನೀತಿನಿರ್ಣಯ ಅಂತ ಒಂದೇ ಉಸಿರಲ್ಲಿ ಹೇಳಿ ದಾಟಬೇಡಿ, ದೇವರು ಮನುಷ್ಯನನ್ನ ನೀತಿವಂತ ಅಂತ ಎಣಿಸೋದು ಅಂತ ಬಿಡಿಸಿ ಹೇಳಿ. ಬೈಬಲಿನ ನೆಹೆಮೀಯ 8ನೇ ಅಧ್ಯಾಯದಲ್ಲಿ ದೇವಾಲಯದ ಸೇವೆಯ ಕುಲದವರಾದ ಲೇವಿಯರು ಗ್ರಂಥ ಓದಿ ಜನಕ್ಕೆ ಅರ್ಥ ಆಗೋ ಹಾಗೆ ವಿವರಿಸಿದ್ರು. ನಮ್ಮ ಕೆಲಸವೂ ಅದೇ ತಾನೇ.

ಪ್ರಶ್ನೆ: ನಾವು ವಿರಾಜಪೇಟೆ ಕಡೆ ಕಥೋಲಿಕರು. ಪಕ್ಕದ ಮನೆಯವರ ಚರ್ಚಲ್ಲಿ ಪ್ರಸಂಗ ಒಂದು ಗಂಟೆ, ನಮ್ಮ ಫಾದರ್ ಹತ್ತು ನಿಮಿಷಕ್ಕೆ ಮುಗಿಸ್ತಾರೆ. ತಯಾರಿ ಇಲ್ಲದೇನಾ?

ಉತ್ತರ: ಅಲ್ಲಮ್ಮಾ. ಪಕ್ಕದವರ ಆರಾಧನೆಯಲ್ಲಿ ಪ್ರಸಂಗವೇ ನಡುಮನೆ ಇದ್ದ ಹಾಗೆ, ನಿಮ್ಮಲ್ಲಿ ಪ್ರಬೋಧನೆ, ಅಂದ್ರೆ ಫಾದರ್ ಮಾಡೋ ಪ್ರಸಂಗ, ಬಲಿಪೂಜೆಯ (ಮಾಸ್‌ನ) ಒಂದು ಭಾಗ, ಅದು ಪೀಠದ ಕಡೆ ಕರ್ಕೊಂಡು ಹೋಗ್ಬೇಕು. ಭಾನುವಾರ ಓದೋ ಬೈಬಲ್ ವಾಚನಗಳೂ ಮೂರು ವರ್ಷದ ಸರದಿಯಲ್ಲಿ ಮೊದಲೇ ಗೊತ್ತಾಗಿರ್ತವೆ, ಮತ್ತಾಯ, ಮಾರ್ಕ, ಲೂಕರ ಸುವಾರ್ತೆ ಒಂದೊಂದು ವರ್ಷ, ಯೊವಾನ್ನನದ್ದು ನಡುನಡುವೆ, ಫಾದರ್ ಇಷ್ಟ ಬಂದದ್ದು ಆರಿಸ್ಕೊಳ್ಳೋ ಹಾಗಿಲ್ಲ. ಪೋಪ್ ಫ್ರಾನ್ಸಿಸ್ 2018ರಲ್ಲಿ ಹತ್ತು ನಿಮಿಷ ದಾಟಬಾರದು ಅಂದಿದ್ರು, 2024ರಲ್ಲಿ ಎಂಟಕ್ಕೇ ಇಳಿಸಿದ್ರು. ಎಂಟು ನಿಮಿಷಕ್ಕೆ ತಯಾರಿ ಜಾಸ್ತಿ ಬೇಕು, ಒಂದು ಗಂಟೆ ಯಾರು ಬೇಕಾದ್ರೂ ಎಳೀಬಹುದು.

ಪ್ರಶ್ನೆ: ಸೋಮವಾರಪೇಟೆ ಹತ್ರ ನಮ್ಮದು ಶೀಟಿನ ಚರ್ಚು. ಜುಲೈ ಮಳೆಗೆ ಒಂದಕ್ಷರ ಕೇಳಲ್ಲ. ಮೈಕ್ ಜೋರು ಮಾಡೋದಾ?

ಉತ್ತರ: ಜೋರು ಮಾಡಿದ್ರೆ ಕುಂಯ್ ಅನ್ನೋ ಸದ್ದೇ ಜಾಸ್ತಿ. ಸ್ಪೀಕರ್ ನಿಮ್ಮ ಮುಂದೆ ಇರ್ಲಿ, ಬೆನ್ನ ಹಿಂದೆ ಬೇಡ. ಮೈಕ್ ಬಾಯಿಗೆ ನಾಲ್ಕು ಬೆರಳು ದೂರ ಹಿಡೀರಿ, ನಿಧಾನ ಮಾತಾಡಿ. ಜನ ಕಮ್ಮಿ ಇದ್ರೆ ಮುಂದಿನ ಬೆಂಚಿಗೆ ಕರೀರಿ, ನೀವೂ ಇಳಿದು ಹತ್ರ ಬನ್ನಿ. ಮಳೆ ತೀರಾ ಹೊಯ್ದಾಗ ಕಿರುಚಬೇಡಿ, ನಿಲ್ಲಿಸಿ ಒಂದು ಹಾಡು ಹಾಡಿಸಿ, ಸ್ವಲ್ಪ ಹೊಳವಾದ್ಮೇಲೆ ಬಿಟ್ಟಲ್ಲಿಂದ ಶುರು ಮಾಡಿ. ಮತ್ತೆ ಮಳೆಗಾಲದಲ್ಲಿ ಆ ಮೈಕ್ ವಯರು, ಪ್ಲಗ್ಗು ಒದ್ದೆ ಆಗಿದೆಯಾ ಅಂತ ಶನಿವಾರವೇ ನೋಡ್ಕೊಳ್ಳಿ.