ಹೊಸ ಔಟ್‌ಪುಟ್ ಟ್ರಾನ್ಸಿಸ್ಟರ್ ಹಾಕಿದ ಕೂಡಲೇ ಮತ್ತೆ ಸುಟ್ಟುಹೋಗುವುದೇಕೆ?

1970ರ ದಶಕದ ನಿಮ್ಮ ಸ್ಟೀರಿಯೊ ಆಂಪ್ಲಿಫೈಯರ್‌ನ ಎಡ ಚಾನೆಲ್ ನಿಂತುಹೋಗಿ, ಆ ಬದಿಯ ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು (ಸ್ಪೀಕರಿಗೆ ಕರೆಂಟ್ ಕೊಡುವ ಕೊನೆಯ ಹಂತದವು) ಶಾರ್ಟ್ ಆಗಿದ್ದವು, ಹೊಸ ಜೋಡಿಯನ್ನು ಹಾಕಿ ಸ್ವಿಚ್ ಒತ್ತಿದೊಡನೆ ಫ್ಯೂಸ್ ಹಾರಿ ಅವೂ ಸುಟ್ಟವು ಎಂದು ಬರೆದಿದ್ದೀರಿ. ಮೂರನೆಯ ಜೋಡಿಯನ್ನು ತರಿಸಬೇಕೇ, ಇಲ್ಲವೇ ಆಂಪ್ಲಿಫೈಯರನ್ನೇ ಕೈಬಿಡಬೇಕೇ ಎಂಬುದು ನಿಮ್ಮ ಪ್ರಶ್ನೆ. ಸದ್ಯಕ್ಕೆ ಎರಡೂ ಬೇಡ. ಸ್ಪೀಕರ್ ತಂತಿಗಳು ಒಂದಕ್ಕೊಂದು ತಗುಲಿ ಟ್ರಾನ್ಸಿಸ್ಟರ್ ಸುಟ್ಟಿದ್ದರೂ, ಹೊಸದನ್ನು ಹಾಕಿದೊಡನೆ ಅದೂ ಸುಟ್ಟಿತೆಂದರೆ ಬೋರ್ಡಿನ ಮೇಲೆ ಇನ್ನೊಂದು ಕೆಟ್ಟ ಭಾಗ ಉಳಿದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಹಿಡಿಯುವವರೆಗೆ ಎಷ್ಟು ಜೋಡಿ ಹಾಕಿದರೂ ಗತಿ ಒಂದೇ.

ಮೊದಲು ಸುರಕ್ಷತೆಯ ಮಾತು. ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಬಹಳ ಹೊತ್ತು ನಿಲ್ಲುತ್ತದೆ. ಸ್ಕ್ರೂಡ್ರೈವರ್‌ನಿಂದ ಅವುಗಳ ಕಾಲುಗಳನ್ನು ಶಾರ್ಟ್ ಮಾಡಬೇಡಿ. 10 ವ್ಯಾಟ್‌ನ, 100ರಿಂದ 500 ಓಮ್‌ನ ಒಂದು ರೆಸಿಸ್ಟರನ್ನು ಅಡ್ಡ ಹಿಡಿದು ಖಾಲಿ ಮಾಡಿ, ವೋಲ್ಟೇಜ್ ಸೊನ್ನೆಗೆ ಬಂದಿದೆಯೆಂದು ಮೀಟರ್‌ನಲ್ಲಿ ನೋಡಿದ ನಂತರವೇ ಕೈ ಹಾಕಿ. ರಿಪೇರಿ ಮುಗಿಯುವವರೆಗೆ ಸ್ಪೀಕರ್‌ಗಳನ್ನು ಕಳಚಿಡಿ. ಔಟ್‌ಪುಟ್ ಕೆಪಾಸಿಟರ್ ಇಲ್ಲದ ವಿನ್ಯಾಸದಲ್ಲಿ ಒಂದು ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಸಪ್ಲೈಯ ಪೂರ್ತಿ ಡಿಸಿ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. 35 ವೋಲ್ಟ್ ಎಂದು ಹಿಡಿದರೆ, 8 ಓಮ್ ಸ್ಪೀಕರ್‌ನ ಸುಮಾರು 6 ಓಮ್ ಡಿಸಿ ಪ್ರತಿರೋಧದ ವಾಯ್ಸ್ ಕಾಯಿಲ್‌ನಲ್ಲಿ 200 ವ್ಯಾಟ್‌ನಷ್ಟು ಶಾಖ ಹುಟ್ಟುತ್ತದೆ.

ಈಗ ಹುಡುಕಾಟ. ನಿಮ್ಮ ಬಲ ಚಾನೆಲ್ ಸರಿಯಿರುವುದು ಬಹಳ ದೊಡ್ಡ ಅನುಕೂಲ, ಏಕೆಂದರೆ ಸರ್ಕ್ಯೂಟ್ ನಕ್ಷೆ ಸಿಗದಿದ್ದರೂ ಪ್ರತಿಯೊಂದು ಭಾಗಕ್ಕೂ ಹೋಲಿಸಿ ನೋಡಲು ಅದರ ಜೋಡಿ ಅದೇ ಪೆಟ್ಟಿಗೆಯಲ್ಲಿದೆ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಏಟು ಹಿಂದಕ್ಕೂ ಹೋಗುತ್ತದೆ: ಅದರ ಬೇಸ್, ಎಮಿಟರ್, ಕಲೆಕ್ಟರ್ ಎಂಬ ಮೂರು ತುದಿಗಳಲ್ಲಿ ಎಮಿಟರ್‌ಗೆ ಸೇರಿದ 0.22ರಿಂದ 0.47 ಓಮ್‌ನ ರೆಸಿಸ್ಟರ್, ಅದನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್, ಬೇಸ್ ಹಾದಿಯ ಚಿಕ್ಕ ರೆಸಿಸ್ಟರ್‌ಗಳು, ಕೆಲವೊಮ್ಮೆ ಡ್ರೈವರ್‌ಗೂ ಹಿಂದಿನ ಟ್ರಾನ್ಸಿಸ್ಟರ್, ಹೀಗೆ ಸಾಲಾಗಿ ಕೆಡುತ್ತವೆ. ಎಮಿಟರ್ ರೆಸಿಸ್ಟರ್ ಹೊರಗೆ ಹೊಚ್ಚಹೊಸದರಂತೆ ಕಾಣುತ್ತಲೇ ಒಳಗೆ ಓಪನ್ ಆಗಿರುವುದುಂಟು (ಸಂಪರ್ಕ ಕಡಿದಿರುವುದುಂಟು), ಆದ್ದರಿಂದ ಕಣ್ಣಳತೆಯನ್ನು ನಂಬಬೇಡಿ. ಟ್ರಾನ್ಸಿಸ್ಟರ್‌ಗಳನ್ನು ಬೋರ್ಡಿನಿಂದ ಬಿಚ್ಚಿ, ಮೀಟರ್‌ನ ಡಯೋಡ್ ಸ್ಥಾನದಲ್ಲಿ ಅಳೆಯಿರಿ: ಬೇಸ್‌ನಿಂದ ಎಮಿಟರ್‌ಗೂ ಕಲೆಕ್ಟರ್‌ಗೂ ಒಂದು ದಿಕ್ಕಿನಲ್ಲಿ ಮಾತ್ರ 0.5ರಿಂದ 0.7 ವೋಲ್ಟ್ ತೋರಬೇಕು, ಕಲೆಕ್ಟರ್ ಮತ್ತು ಎಮಿಟರ್ ನಡುವೆ ಯಾವ ದಿಕ್ಕಿನಲ್ಲೂ ಏನೂ ತೋರಬಾರದು. ಬೋರ್ಡಿನಲ್ಲೇ ಇಟ್ಟು ಅಳೆದರೆ ಅಕ್ಕಪಕ್ಕದ ರೆಸಿಸ್ಟರ್‌ಗಳು ದಾರಿ ತಪ್ಪಿಸುತ್ತವೆ.

ಇವೆಲ್ಲವೂ ಸರಿಯಿದ್ದರೆ ನನ್ನ ಮೊದಲ ಅನುಮಾನ ಬಯಾಸ್ ಪ್ರಿಸೆಟ್‌ನ ಮೇಲೆ, ಅಂದರೆ ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಚಿಕ್ಕ ಕರೆಂಟನ್ನು (ಬಯಾಸ್) ಹೊಂದಿಸುವ, ತಿರುಗಿಸಬಹುದಾದ ರೆಸಿಸ್ಟರ್‌ನ ಮೇಲೆ ಹೋಗುತ್ತದೆ, ಮತ್ತು ಇದನ್ನು ನಾನು ನಷ್ಟಪಟ್ಟೇ ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಆಂಪ್ಲಿಫೈಯರ್‌ನಲ್ಲಿ ಎರಡು ಜೋಡಿ ಟ್ರಾನ್ಸಿಸ್ಟರ್‌ಗಳನ್ನು ಸುಟ್ಟ ಮೇಲೆ, ಮೀಟರ್ ಹಚ್ಚಿ ಆ ಪುಟ್ಟ ಪ್ರಿಸೆಟನ್ನು ನಿಧಾನವಾಗಿ ತಿರುಗಿಸಿ ನೋಡಿದೆ. ಎರಡು ತುದಿಗಳ ನಡುವೆ ಅಳತೆ ಸರಿಯಾಗಿತ್ತು. ಆದರೆ ನಡುಗಾಲಿನಲ್ಲಿ, ಅದು ವರ್ಷಗಟ್ಟಲೆ ನಿಂತಿದ್ದ ಜಾಗಕ್ಕೆ ಬಂದಾಗ, ಅಂಕಿ ಹಾರಿ ಓಪನ್ ಎಂದು ತೋರಿತು. ಭೂತಗನ್ನಡಿಯಲ್ಲಿ ನೋಡಿದರೆ ಇಂಗಾಲದ ಪಟ್ಟಿಯ ಮೇಲೆ ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆಯಿತ್ತು. ಬಹಳಷ್ಟು ವಿನ್ಯಾಸಗಳಲ್ಲಿ ಈ ನಡುಗಾಲು, ಆ ಕರೆಂಟನ್ನು ಹತೋಟಿಯಲ್ಲಿಡುವ ಬಯಾಸ್ ಟ್ರಾನ್ಸಿಸ್ಟರ್‌ನ ಬೇಸ್‌ಗೆ ಹೋಗಿರುತ್ತದೆ. ಆ ಸಂಪರ್ಕ ತಪ್ಪಿದೊಡನೆ ಬಯಾಸ್ ಟ್ರಾನ್ಸಿಸ್ಟರ್ ನಿಂತುಹೋಗಿ, ಎರಡೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಒಮ್ಮೆಲೇ ಪೂರ್ತಿ ತೆರೆದುಕೊಂಡು, ಸಪ್ಲೈಯ ಕರೆಂಟ್ ಅವುಗಳ ಮೂಲಕವೇ ನೇರವಾಗಿ ಹರಿಯುತ್ತದೆ. ನೀವು ಹೇಳಿದ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ. ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್‌ಗೆ ತಾಗಿಸಿಟ್ಟ ಬಯಾಸ್ ಡಯೋಡ್ ಅಥವಾ ಟ್ರಾನ್ಸಿಸ್ಟರ್‌ನ ಕಾಲು ತುಂಡಾಗಿದ್ದರೂ, ಅದರ ಬೆಸುಗೆ ಬಿರುಕು ಬಿಟ್ಟಿದ್ದರೂ ಫಲ ಇದೇ. ಪ್ರಿಸೆಟ್ ಚೆನ್ನಾಗಿಯೇ ಕಂಡರೂ ಎರಡೂ ಚಾನೆಲ್‌ಗಳದ್ದನ್ನು ಬದಲಿಸಿ. ಅಷ್ಟು ಅಗ್ಗದ ಒಂದು ಭಾಗಕ್ಕಾಗಿ ಉಳಿದದ್ದನ್ನೆಲ್ಲ ಪಣಕ್ಕಿಡುವುದು ಸರಿಯಲ್ಲ.

ಪರೀಕ್ಷೆಗೆ ಕೂರುವ ಮೊದಲು, ಮೇನ್ಸ್‌ನ ಫೇಸ್ ತಂತಿಯಲ್ಲಿ ಒಂದು 60 ಅಥವಾ 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿಕೊಳ್ಳಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ತಣ್ಣಗಿರುವ ಫಿಲಮೆಂಟ್‌ನ ಪ್ರತಿರೋಧ ಉರಿಯುವಾಗಿನದರ ಹತ್ತರಲ್ಲೊಂದು ಪಾಲಿನಷ್ಟೋ ಅದಕ್ಕಿಂತ ಕಡಿಮೆಯೋ ಇರುವುದರಿಂದ, ಎಲ್ಲವೂ ಸರಿಯಿದ್ದಾಗ ಬಲ್ಬ್ ಒಂದು ಕ್ಷಣ ಬೆಳಗಿ, ಕೆಪಾಸಿಟರ್‌ಗಳು ತುಂಬಿದಂತೆ ಮಂಕಾಗುತ್ತದೆ. ಶಾರ್ಟ್ ಇದ್ದರೆ ಜೋರಾಗಿ ಉರಿಯುತ್ತಲೇ ಇರುತ್ತದೆ, ಟ್ರಾನ್ಸಿಸ್ಟರ್ ಉಳಿಯುತ್ತದೆ. ಈ ಬಲ್ಬ್ ಶಾಕ್‌ನಿಂದ ನಿಮ್ಮನ್ನು ಕಾಪಾಡುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ಇನ್ನೂ ಒಂದು ಹೆಜ್ಜೆಯನ್ನು ನಾನು ಎಂದೂ ಬಿಡುವುದಿಲ್ಲ. ಮೊದಲ ಸಲ ಆನ್ ಮಾಡುವಾಗ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಹಾಕುವುದೇ ಇಲ್ಲ. ಅವುಗಳ ಬೇಸ್ ಮತ್ತು ಎಮಿಟರ್ ಜಾಗಗಳ ನಡುವೆ ತಲಾ ಒಂದು 100 ಓಮ್ ರೆಸಿಸ್ಟರ್ ಬೆಸೆಯುತ್ತೇನೆ. ಆಗ ಡ್ರೈವರ್‌ಗಳೇ ಆ ರೆಸಿಸ್ಟರ್‌ಗಳ ಮೂಲಕ ಫೀಡ್‌ಬ್ಯಾಕ್ ಹಾದಿಯನ್ನು (ಔಟ್‌ಪುಟ್‌ನ ಒಂದಂಶವನ್ನು ಹಿಂದಕ್ಕೆ ತಂದು ತಪ್ಪು ತಿದ್ದುವ ಹಾದಿ) ಪೂರ್ತಿಗೊಳಿಸುತ್ತವೆ, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಸೊನ್ನೆಯ ಆಸುಪಾಸಿಗೆ ಬರಬೇಕು. ಅಲ್ಲಿ ಹಲವು ವೋಲ್ಟ್ ಕಂಡರೆ ದೋಷ ಹಿಂದಿನ ಹಂತಗಳಲ್ಲಿದೆ. ಅದನ್ನು ದುಬಾರಿ ಭಾಗಗಳನ್ನು ಬಲಿಕೊಡದೆ ನಿಧಾನವಾಗಿ ಹುಡುಕಬಹುದು.

ಬದಲಿ ಭಾಗಗಳ ಆಯ್ಕೆಯ ಬಗ್ಗೆ. ಆ ಕಾಲದ ಆಂಪ್ಲಿಫೈಯರ್‌ಗಳಲ್ಲಿ ಬಹಳ ಬಳಕೆಯಲ್ಲಿದ್ದ 2ಎನ್3055ರ ಮಿತಿ 60 ವೋಲ್ಟ್, 115 ವ್ಯಾಟ್. ನಿಮ್ಮಲ್ಲಿ ಅದೇ ಜಾತಿಯ ಲೋಹದ ಟಿಒ-3 ಕವಚದ ಟ್ರಾನ್ಸಿಸ್ಟರ್‌ಗಳಿದ್ದರೆ, 140 ವೋಲ್ಟ್, 250 ವ್ಯಾಟ್‌ನ ಎಂಜೆ15003 ಮತ್ತು ಅದರ ಪಿಎನ್‌ಪಿ (ವಿರುದ್ಧ ಧ್ರುವತೆಯ) ಜೋಡಿ ಎಂಜೆ15004 ಅದೇ ರಂಧ್ರಗಳಲ್ಲಿ ಕೂರುತ್ತವೆ. ಅತಿ ವೇಗದ ಆಧುನಿಕ ಟ್ರಾನ್ಸಿಸ್ಟರ್‌ಗಳನ್ನು ಹಳೆಯ ಸರ್ಕ್ಯೂಟ್‌ಗೆ ಹಾಕಿದರೆ ಅದು ಕಿವಿಗೆ ಕೇಳದ ಆವರ್ತನದಲ್ಲಿ ಆಸಿಲೇಟ್ ಆಗುವ (ತಾನಾಗಿಯೇ ಕಂಪಿಸುವ) ಅಪಾಯವಿದೆ. ಔಟ್‌ಪುಟ್‌ನಲ್ಲಿರುವ 10 ಓಮ್ ಮತ್ತು 0.1 ಮೈಕ್ರೊಫ್ಯಾರಡ್‌ನ ಜೋಬೆಲ್ ಜಾಲದ (ಆಂಪ್ಲಿಫೈಯರನ್ನು ಸ್ಥಿರವಾಗಿಡುವ ರೆಸಿಸ್ಟರ್-ಕೆಪಾಸಿಟರ್ ಜೋಡಿ) ರೆಸಿಸ್ಟರ್ ಸಿಗ್ನಲ್ ಇಲ್ಲದೆಯೂ ಬಿಸಿಯಾಗುವುದು ಅದರ ಗುರುತು. ನಕಲಿ ಮಾಲಿನ ಕಾಟವೂ ಕಡಿಮೆಯಿಲ್ಲ. ಒಮ್ಮೆ ಸುಟ್ಟುಹೋದ ಒಂದು ಟಿಒ-3ರ ತಲೆಯನ್ನು ಗರಗಸದಿಂದ ಕೊಯ್ದು ನೋಡಿದಾಗ, ಅಷ್ಟಗಲ ತಟ್ಟೆಯ ಮೇಲೆ ಎಳ್ಳುಕಾಳಿಗಿಂತ ತುಸು ದೊಡ್ಡ ಚಿಪ್ ಕೂತಿತ್ತು. ಹಳೆಯ ಅಸಲಿಯಲ್ಲಿ ಅದು ಇದರ ಹಲವು ಪಟ್ಟು ದೊಡ್ಡದಿತ್ತು. ಆದ್ದರಿಂದ ತಯಾರಕರ ಅಧಿಕೃತ ವಿತರಕರಿಂದಲೇ ಕೊಳ್ಳಿ.

ಟಿಒ-3ರ ಲೋಹದ ಕವಚವೇ ಕಲೆಕ್ಟರ್ ಆಗಿರುವುದರಿಂದ ಹೀಟ್‌ಸಿಂಕ್ ಜೊತೆ ಅದರ ನಡುವೆ ವಿದ್ಯುತ್ ಹರಿಯಬಿಡದ ಮೈಕಾ ಹಾಳೆ ಇರಲೇಬೇಕು. ಹಳೆಯ ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಎಸೆಯಿರಿ. ಎರಡೂ ಬದಿಗೆ ಶಾಖವಾಹಕ ಪೇಸ್ಟನ್ನು ತೆಳ್ಳಗೆ ಸವರಿ, ಸ್ಕ್ರೂ ಬಿಗಿದ ಮೇಲೆ ಕವಚಕ್ಕೂ ಹೀಟ್‌ಸಿಂಕ್‌ಗೂ ಸಂಪರ್ಕವಿಲ್ಲವೆಂದು ಮೀಟರ್‌ನಲ್ಲಿ ಖಚಿತಪಡಿಸಿಕೊಳ್ಳಿ.

100 ಓಮ್ ರೆಸಿಸ್ಟರ್‌ಗಳನ್ನು ತೆಗೆದು ಟ್ರಾನ್ಸಿಸ್ಟರ್‌ಗಳನ್ನು ಹಾಕಿದ ನಂತರ, ಹೊಸ ಪ್ರಿಸೆಟನ್ನು ಬಯಾಸ್ ಅತ್ಯಂತ ಕಡಿಮೆಯಾಗುವ ತುದಿಗೆ ತಿರುಗಿಸಿಟ್ಟು, ಬಲ್ಬ್ ಇಟ್ಟುಕೊಂಡೇ ಆನ್ ಮಾಡಿ. ಬಲ್ಬ್ ಮಂಕಾಗಿ, ಸ್ಪೀಕರ್ ಟರ್ಮಿನಲ್‌ನ ಡಿಸಿ 50 ಮಿಲಿವೋಲ್ಟ್‌ನೊಳಗಿದ್ದರೆ ಬಲ್ಬ್ ತೆಗೆದು, ಮೂಲ ಅಳತೆಯ ಫ್ಯೂಸನ್ನೇ ಹಾಕಿ, ಎಮಿಟರ್ ರೆಸಿಸ್ಟರ್‌ನ ಎರಡು ತುದಿಗಳಿಗೆ ಮೀಟರ್ ಹಚ್ಚಿ ಬಯಾಸ್ ಕೂಡಿಸಿ. ರೆಸಿಸ್ಟರ್ 0.33 ಓಮ್‌ನದ್ದಾಗಿದ್ದರೆ 10 ಮಿಲಿವೋಲ್ಟ್ ಎಂದರೆ 30 ಮಿಲಿಆಂಪಿಯರ್. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಂಕಿಯೇ ಅಂತಿಮ. ಅದು ಸಿಗದಿದ್ದರೆ ಬಲ ಚಾನೆಲ್‌ನ ಅಳತೆಯನ್ನು ಅನುಸರಿಸಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಮತ್ತೆ ಅಳೆಯಿರಿ: ಅಂಕಿ ಒಂದೆಡೆ ನಿಂತಿರಬೇಕು, ಏರುತ್ತಲೇ ಹೋದರೆ ಬಯಾಸ್ ಟ್ರಾನ್ಸಿಸ್ಟರ್ ಹೀಟ್‌ಸಿಂಕ್‌ಗೆ ಸರಿಯಾಗಿ ತಾಗಿಲ್ಲ. ನಿಮ್ಮ ಒಳ್ಳೆಯ ಸ್ಪೀಕರ್‌ಗಳನ್ನು ಜೋಡಿಸುವ ಮೊದಲು ಒಂದು ಸಂಜೆಯಾದರೂ ಹಳೆಯ, ಹೋದರೂ ಚಿಂತೆಯಿಲ್ಲದ ಸ್ಪೀಕರ್‌ನಲ್ಲಿ ಅದನ್ನು ಹಾಡಿಸಿ, ನಡುನಡುವೆ ಎರಡೂ ಹೀಟ್‌ಸಿಂಕ್‌ಗಳನ್ನು ಮುಟ್ಟಿ ಬಿಸಿ ಸಮನಾಗಿದೆಯೇ ಎಂದು ನೋಡಿ. ಪ್ರಿಸೆಟ್‌ನ ಅಳತೆಯಲ್ಲಿ ಏನು ಕಂಡಿತೆಂದು ಇಲ್ಲಿ ಬರೆದರೆ ಮುಂದಿನದನ್ನು ನೋಡೋಣ.