ಕೆಲಸಗಾರರಿಗೆ ಷೇರು ಕೊಟ್ಟರೆ ಬ್ರೂವರಿ ಉಳಿಯುತ್ತಾ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಮೈಕ್ರೋಬ್ರೂವರಿ, ಅಂದರೆ ಬೀರ್ ತಯಾರಿಸುವ ಚಿಕ್ಕ ಘಟಕ ಇದೆ. ಕೆಲಸಗಾರರಿಗೇ ಷೇರು ಹಂಚಿದರೆ ಮುಂದೆ ಯಾವ ದೊಡ್ಡ ಕಂಪನಿಯೂ ನಮ್ಮನ್ನು ಕೊಳ್ಳಲಾರದು ಅಂತಾರೆ. ನಿಜವಾ?

ಉತ್ತರ: ಈ ಮಾತು ಕೇಳಿ ಕೇಳಿ ಸಾಕಾಗಿದೆ. ನಿಜ ಅಲ್ಲ.

ಅಮೆರಿಕದ ಕೊಲೊರಾಡೊದಲ್ಲಿ ಕಿಮ್ ಜೋರ್ಡನ್ ಮತ್ತು ಜೆಫ್ ಲೆಬೆಶ್ 1991ರಲ್ಲಿ ನ್ಯೂ ಬೆಲ್ಜಿಯಂ ಬ್ರೂವರಿ ಶುರು ಮಾಡಿದರು. ಲೆಕ್ಕಪತ್ರವನ್ನು ಕೆಲಸಗಾರರ ಮುಂದೆ ತೆರೆದಿಟ್ಟರು. ಒಂದು ವರ್ಷ ಪೂರೈಸಿದವರಿಗೆ ಒಂದು ಸೈಕಲ್ ಕೊಡುತ್ತಿದ್ದರು. 2012ರ ಕೊನೆಗೆ ಕಂಪನಿ ಪೂರ್ತಿ ಕೆಲಸಗಾರರದ್ದೇ ಆಯಿತು. 2019ರ ಡಿಸೆಂಬರಿನಲ್ಲಿ ಅದೇ ಕೆಲಸಗಾರರು ಮತ ಹಾಕಿ, ಜಪಾನಿನ ಕಿರಿನ್ ಎಂಬ ದೊಡ್ಡ ಬೀರ್ ಗುಂಪಿಗೆ ಅದನ್ನು ಮಾರಲು ಒಪ್ಪಿದರು. ಆಗ ಮ್ಯಾನ್ಮಾರ್ ಸೇನೆಗೆ ಸೇರಿದ ಕಂಪನಿಯ ಜೊತೆ ಕಿರಿನ್‌ಗೆ ಪಾಲುದಾರಿಕೆಯೂ ಇತ್ತು.

ಕೆಲಸಗಾರರನ್ನು ಬೈಯಬೇಡಿ. ಅಲ್ಲಿನ ಏರ್ಪಾಟಿನಲ್ಲಿ ಷೇರು ಟ್ರಸ್ಟ್ ಹೆಸರಲ್ಲಿ ಇರುತ್ತದೆ. ಕೆಲಸ ಬಿಟ್ಟವರ, ನಿವೃತ್ತರಾದವರ ಪಾಲನ್ನು ಕಂಪನಿಯೇ ಆ ಹೊತ್ತಿನ ಬೆಲೆಗೆ ವಾಪಸ್ ಕೊಳ್ಳಬೇಕು. ವ್ಯಾಪಾರ ಬೆಳೆದಷ್ಟೂ ಷೇರಿನ ಬೆಲೆ ಏರುತ್ತದೆ, ಕೊಡಬೇಕಾದ ಬಾಕಿಯೂ ಏರುತ್ತದೆ. ಅದೇ ಹೊತ್ತಿಗೆ ನಾರ್ತ್ ಕ್ಯಾರೊಲೈನಾದಲ್ಲಿ ಎರಡನೇ ಬ್ರೂವರಿಗೂ ದುಡ್ಡು ಸುರಿದಿದ್ದರು. ಎರಡಕ್ಕೂ ನಗದು ಎಲ್ಲಿಂದ ತರೋದು? ಮಾರಾಟದಿಂದ 300ಕ್ಕೂ ಹೆಚ್ಚು ಕೆಲಸಗಾರರಿಗೆ ತಲಾ ಒಂದು ಲಕ್ಷ ಡಾಲರ್‌ಗಿಂತ ಜಾಸ್ತಿ ನಿವೃತ್ತಿ ಹಣ ಸಿಗುತ್ತದೆ ಎಂದು ಜೋರ್ಡನ್ ಹೇಳಿದರು. ಅಷ್ಟು ಹಣ ಬೇಡ ಅನ್ನಿ ಎಂದು ನಾನಂತೂ ಯಾರಿಗೂ ಹೇಳಲಾರೆ.

ಹಾಗಾಗಿ ಷೇರು ವಾಪಸ್ ಕೊಳ್ಳುವ ಹಣವನ್ನು ಪ್ರತಿ ವರ್ಷ ಲಾಭದಲ್ಲಿ ಎತ್ತಿಡಿ. ಆಮೇಲೆ ಎರಡನೇ ಶಾಖೆಯ ಮಾತು. ಇದು ತೀರಾ ಹೆದರಿಕೆಯ ಸಲಹೆ ಅನ್ನಿಸಿದರೂ ಪರವಾಗಿಲ್ಲ, ನಾನು ಇದನ್ನೇ ಹೇಳೋದು. ಇಲ್ಲಿನ ಕಾನೂನು ಬೇರೆ. ಷೇರು ಕೈಗೆ ಬಂದಾಗಲೇ ಕೆಲಸಗಾರರಿಗೆ ತೆರಿಗೆ ಬೀಳಬಹುದು. ಒಳ್ಳೆಯ ಸಿಎ ಒಬ್ಬರನ್ನು ಕೇಳಿ. ಎರಡು ದಿನದ ಕಾರ್ಯಾಗಾರ ಮಾಡಿ ‘ಮೌಲ್ಯಾಧಾರಿತ ಉದ್ಯಮ’ದ ಪಾಠ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮಾರಾಟದ ದಿನ ಯಾರ ಮತಕ್ಕೆ ಎಷ್ಟು ಬೆಲೆ ಅನ್ನೋದನ್ನು ಅವರು ಹೇಳಿಕೊಡಲ್ಲ.

ಪ್ರಶ್ನೆ: ಕೆಲಸಗಾರರು, ಸಮಾಜ, ಪರಿಸರವನ್ನು ಚೆನ್ನಾಗಿ ನೋಡಿಕೊಳ್ಳುವ ಕಂಪನಿಗಳಿಗೆ ಕೊಡುವ ಬಿ ಕಾರ್ಪ್ ಸರ್ಟಿಫಿಕೇಟ್ ಇದ್ದರೆ ಸಾಕಲ್ವಾ?

ಉತ್ತರ: ಸಾಲದು. ಸ್ಕಾಟ್ಲೆಂಡಿನ ಬೀರ್ ಕಂಪನಿ ಬ್ರೂಡಾಗ್‌ಗೆ 2021ರಲ್ಲಿ ಅದು ಸಿಕ್ಕಿತು. ಅದೇ ವರ್ಷ ಅಲ್ಲಿ ಭಯದ ವಾತಾವರಣ ಇದೆ ಎಂದು ಮಾಜಿ ನೌಕರರು ಬಹಿರಂಗ ಪತ್ರ ಬರೆದರು. 2022ರಲ್ಲಿ ಸರ್ಟಿಫಿಕೇಟೂ ಹೋಯಿತು.

ಪ್ರಶ್ನೆ: ಬೀರ್ ಮಾಡಿ ಉಳಿದ ಮಾಲ್ಟನ್ನು ಹಸುಗಳಿಗೆ ಕೊಡ್ತೀವಿ. ಸಮಾಜಸೇವೆ ಅಂತ ಬೋರ್ಡ್ ಹಾಕಬಹುದಾ?

ಉತ್ತರ: ಬೇಡ. ಒಂದೆರಡು ದಿನದಲ್ಲಿ ಹುಳಿಯಾಗುವ ಒದ್ದೆ ಮಾಲ್ಟ್ ಅದು, ಹೇಗೂ ಸಾಗಿಸಲೇಬೇಕು. ಕೆಡುವ ಮುಂಚೆ ರೈತರ ಕೈಸೇರಲಿ.

ಪ್ರಶ್ನೆ: ನಮ್ಮ ರಾಗಿ ಬೀರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತೆ ಅಂತ ಜಾಹೀರಾತು ಕೊಡಬಹುದಾ?

ಉತ್ತರ: ಶುದ್ಧ ಸುಳ್ಳು. ಮೂತ್ರ ಜಾಸ್ತಿ ಹೋಗುತ್ತದೆ, ಕಲ್ಲು ಕರಗಲ್ಲ. ನೋವಿನಲ್ಲಿ ಇರುವವರಿಗೆ ಡಾಕ್ಟರ ಹತ್ತಿರ ಹೋಗಲು ಹೇಳಿ.